ಸಿಂಹಾಸನದ ಪಕ್ಕದಲ್ಲಿ ನಿಂತವರು

2023ರ ಮಾರ್ಚ್ ತಿಂಗಳು. ವಿಧಾನಸಭೆ ಚುನಾವಣೆ ಬಾಗಿಲಿಗೆ ಬಂದಿತ್ತು. ಮಂಡ್ಯದ ಟೀ ಅಂಗಡಿ, ಅರಳಿಕಟ್ಟೆಗಳಲ್ಲಿ ಎರಡು ಹೆಸರು ದಿಢೀರನೆ ಎಲ್ಲರ ಬಾಯಿಗೆ ಬಂದವು: ಉರಿಗೌಡ, ನಂಜೇಗೌಡ. ಟಿಪ್ಪು ಸುಲ್ತಾನನನ್ನು ಕೊಂದದ್ದು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬ ಕಥೆ. ಆ ತಿಂಗಳ 12ರಂದು ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತದ ಕಮಾನೊಂದರ ಮೇಲೆ ಆ ಹೆಸರುಗಳು ಕಾಣಿಸಿಕೊಂಡವು. ಗದ್ದಲವಾದ ಮೇಲೆ ಅಳಿಸಿಹೋದವು. ಆಗಿನ ಸಚಿವ ಮುನಿರತ್ನ ಅದೇ ಹೆಸರಿನಲ್ಲಿ ಸಿನಿಮಾ ಮಾಡುವುದಾಗಿ ಹೇಳಿದರು, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಭೇಟಿಯಾದ ಬಳಿಕ ಕೈಬಿಟ್ಟರು. ಮೊದಲು ದಾಖಲೆ ಒಟ್ಟುಗೂಡಲಿ ಎಂಬುದು ಸ್ವಾಮೀಜಿಯವರ ನಿಲುವಾಗಿತ್ತು. ಮೇ 10ಕ್ಕೆ ಮತದಾನ ಮುಗಿಯಿತು. ಆಮೇಲೆ ಆ ಇಬ್ಬರ ನೆನಪು ಮಾಡಿಕೊಂಡವರು ವಿರಳ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೋಡೆ ಒಡೆದು ಸೈನ್ಯ ಒಳನುಗ್ಗಿದಾಗ ಟಿಪ್ಪು ನೀರುಬಾಗಿಲ ಹತ್ತಿರ ಕಾದಾಡುತ್ತ ಬಿದ್ದ. ಕತ್ತಲಾದ ಮೇಲೆ ಹೆಣಗಳ ರಾಶಿಯಿಂದ ಅವನ ದೇಹವನ್ನು ಗುರುತಿಸಿ ತೆಗೆದರು. ಗುಂಡು ಹೊಡೆದ ಸೈನಿಕ ಇಂಥವನೇ ಎಂದು ಹೆಸರು ಹಿಡಿದು ಹೇಳುವ ದಾಖಲೆಯನ್ನು ಗೆದ್ದವರೂ ಬಿಟ್ಟುಹೋಗಲಿಲ್ಲ. ದಾಖಲೆಯಲ್ಲಿ ಖಾಲಿ ಜಾಗವಿದ್ದರೆ ಕಥೆ ಅಲ್ಲಿಗೆ ನುಗ್ಗುತ್ತದೆ. ನಾಟಕಕಾರನಿಗೆ ಆ ಜಾಗ ಬೇಕು, ಚುನಾವಣೆ ನಡೆಸುವವನಿಗೂ ಬೇಕು.

ಅಂದಿನ ಚರ್ಚೆಯೆಲ್ಲ ಉರಿಗೌಡ, ನಂಜೇಗೌಡ ಇದ್ದರೋ ಇಲ್ಲವೋ ಎಂಬುದರ ಸುತ್ತಲೇ ಸುತ್ತಿತು. ಆ ಪ್ರಶ್ನೆ ಬೇಕಾದದ್ದೇ. ಆದರೆ ನನ್ನನ್ನು ಕಾಡಿದ್ದು ಬೇರೆ. ಅವರಿಬ್ಬರೂ ನಿಜವಾಗಿ ಇದ್ದರು, ದಾಖಲೆಯೂ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅವರ ಮೇಲೊಂದು ನಾಟಕ ಕಟ್ಟಿ ಮಂಡ್ಯದ ಕಲಾಮಂದಿರದಲ್ಲಿ ಆಡಿದರೆ, ನೋಡಲು ಕೂತ ರೈತನನ್ನೋ ಗುಮಾಸ್ತನನ್ನೋ ಕಾಲೇಜು ಹುಡುಗಿಯನ್ನೋ ಅದು ಏನು ಕೇಳುತ್ತಿತ್ತು? ಏನನ್ನೂ ಕೇಳುತ್ತಿರಲಿಲ್ಲ. ನಿಮ್ಮ ಹಿರಿಯರು ವೀರರು, ವೈರಿ ಆ ಕಡೆ ಇದ್ದಾನೆ, ಎದ್ದು ಹೋಗಿ ಎಂದು ಹೇಳಿ ಕಳಿಸುತ್ತಿತ್ತು. ಇತಿಹಾಸದ ನಾಟಕ ಇಂದಿನ ಬದುಕಿಗೆ ಕನ್ನಡಿ ಎಂದು ನಾವು ಭಾಷಣಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಕನ್ನಡಿಯಲ್ಲಿ ಕಾಣಬೇಕಾದದ್ದು ನೋಡುವವನ ಮುಖ. ಪಕ್ಕದ ಮನೆಯವನ ಮುಖ ಮಾತ್ರ ಕಂಡರೆ ಅದು ಕಿಟಕಿ.

ಹಳೆ ಮೈಸೂರು ಸೀಮೆಯ ನಾಟಕಗಳನ್ನು ನೋಡುತ್ತ, ಓದುತ್ತ ಬಂದ ನನಗೆ ಒಂದು ವಿಷಯ ಖಚಿತವಾಗಿದೆ. ಒಳ್ಳೆಯ ಇತಿಹಾಸ ನಾಟಕ ನಮ್ಮನ್ನು ರಾಜನ ಜಾಗದಲ್ಲಿ ನಿಲ್ಲಿಸುವುದಿಲ್ಲ. ರಾಜನ ಪಕ್ಕದಲ್ಲಿ ನಿಂತವನ ಜಾಗದಲ್ಲಿ ನಿಲ್ಲಿಸುತ್ತದೆ. ಮಂತ್ರಿ, ದಳವಾಯಿ, ಆಸ್ಥಾನದ ಬರಹಗಾರ, ಜೈಕಾರ ಕೂಗುವ ಜನ, ಕಾನೂನಿನ ಸಂದು ಹುಡುಕಿ ಲಾಭ ಮಾಡಿಕೊಳ್ಳುವ ಚತುರ. ಪ್ರಜಾಪ್ರಭುತ್ವದಲ್ಲಿ ನಮ್ಮಲ್ಲಿ ಯಾರೂ ರಾಜರಲ್ಲ. ನಾವು ದಿನಾ ಮಾಡುವ ಆಯ್ಕೆಗಳು ಪಕ್ಕದಲ್ಲಿ ನಿಂತವರ ಆಯ್ಕೆಗಳೇ: ಸಹಿ ಹಾಕುವುದೋ ಬಿಡುವುದೋ, ಬಾಯಿಬಿಡುವುದೋ ಸುಮ್ಮನಿರುವುದೋ, ಸಿಕ್ಕಿದ್ದನ್ನು ತೆಗೆದುಕೊಳ್ಳುವುದೋ ಬೇಡವೆನ್ನುವುದೋ.

ಈ ಮಾತು ಹೊಸದೇನಲ್ಲ, ನಮ್ಮ ಭಾಷೆಯ ಮೊದಲ ಮಹಾಕವಿಗೇ ಗೊತ್ತಿತ್ತು. 941ರಲ್ಲಿ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜೊತೆ ಸಮೀಕರಿಸಿ ಭಾರತ ಬರೆದ. ಆಶ್ರಯ ಕೊಟ್ಟ ದೊರೆಯೇ ಕಾವ್ಯದ ನಾಯಕ. ಆದರೂ ಒಬ್ಬನನ್ನೇ ನೆನೆಯುವುದಾದರೆ ‘ಕರ್ಣನಂ ನೆನೆಯ’ ಎಂದು ಎದೆತುಂಬಿ ಹೇಳಿದ್ದು ಎದುರು ಪಾಳೆಯದ ಕರ್ಣನ ಬಗ್ಗೆ. ಕರ್ಣ ಸಿಂಹಾಸನದ ಪಕ್ಕದಲ್ಲಿ ನಿಂತವನು. ಒಡೆಯನ ತಪ್ಪು ಗೊತ್ತಿದ್ದೂ ಉಂಡ ಉಪ್ಪಿಗೆ ಕಟ್ಟುಬಿದ್ದವನು.

ಮಂಡ್ಯ, ಮದ್ದೂರು, ಪಾಂಡವಪುರದ ಹಳ್ಳಿಗಳಲ್ಲಿ ಇವತ್ತಿಗೂ ಏಳುವ ‘ಕುರುಕ್ಷೇತ್ರ’ ನಾಟಕದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಬೇಕಾದವನು ದುಡ್ಡು ಕಟ್ಟಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಬಾಡಿಗೆ ಸೀನರಿ, ಜರತಾರಿ ಉಡುಪು, ಮೈಕಿನ ಮುಂದೆ ಬಂದು ನಿಂತು ಹಾಡುವ ರಂಗಗೀತೆ. ಕೃಷ್ಣ ಬಂದು ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ದೃಶ್ಯಕ್ಕೆ, ಅಲ್ಲಿಯವರೆಗೆ ಚಾಪೆಯ ಮೇಲೆ ತೂಕಡಿಸುತ್ತಿದ್ದ ಅಜ್ಜಂದಿರೂ ಎದ್ದು ಕೂರುತ್ತಾರೆ. ಕರ್ಣ ‘ಒಲ್ಲೆ’ ಎಂದು ಎತ್ತರದ ಸ್ವರಕ್ಕೆ ಹೋದರೆ ‘ಒನ್ಸ್ ಮೋರ್’ ಬೀಳುತ್ತದೆ. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಮಾರನೇ ದಿನ ಗದ್ದೆ ಬದುವಿನ ಮೇಲೂ ಮಾತು ನಡೆಯುತ್ತದೆ. ಅಪಾತ್ರನಿಗೆ ನಿಷ್ಠೆ ತೋರುವುದು ಧರ್ಮವೋ ಅಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ಹಳ್ಳಿಗಳು ಹೀಗೆ ತಲೆಮಾರುಗಳಿಂದ ಚರ್ಚಿಸುತ್ತ ಬಂದಿವೆ. ಆ ಜನರಿಗೆ ನಾಟಕ ನೋಡಲು ಬರುವುದಿಲ್ಲ, ಅವರಿಗೆ ಬೇಕಾದದ್ದು ವೀರಾವೇಶ ಮಾತ್ರ ಎಂದು ಪೇಟೆಯಲ್ಲಿ ಕೂತು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಪುರಾಣದ ಪಾತ್ರಗಳಿಗೆ ವಾರಸುದಾರರಿಲ್ಲ. ಇತಿಹಾಸದ ಪಾತ್ರಗಳಿಗೆ ಇದ್ದಾರೆ. ದುರ್ಯೋಧನನ ಪರವಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಬಿಜ್ಜಳ, ಬಸವಣ್ಣ, ಟಿಪ್ಪು ಎಂದ ಕೂಡಲೇ ಜಾತಿ, ಮಠ, ಪಕ್ಷ ಎಲ್ಲವೂ ಎದ್ದು ನಿಲ್ಲುತ್ತವೆ. ಇತಿಹಾಸ ನಾಟಕದ ಕಷ್ಟವೂ ಇದೇ, ಕಸುವೂ ಇದೇ.

ಹಿಂದಿನ ಕಾಲದ ಮರೆಯಲ್ಲಿ ಇಂದಿನದನ್ನು ಹೇಳುವುದು ಮೊದಲಿಗೆ ಭಯದ ಕಾಲದ ಉಪಾಯವಾಗಿತ್ತು. ಬ್ರಿಟಿಷ್ ಸರ್ಕಾರ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದು, ತನಗೆ ಆಗದ ನಾಟಕವನ್ನು ನಿಲ್ಲಿಸುವ ಅಧಿಕಾರ ಇಟ್ಟುಕೊಂಡಿತು. ಮರಾಠಿಯಲ್ಲಿ ಖಾಡಿಲ್ಕರ್ 1907ರಲ್ಲಿ ಬರೆದ ‘ಕೀಚಕವಧ’ದಲ್ಲಿ ಕೀಚಕನೆಂದರೆ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಎಂದು ನೋಡಿದವರಿಗೆಲ್ಲ ತಿಳಿಯಿತು, 1910ರಲ್ಲಿ ಅದಕ್ಕೆ ನಿಷೇಧ ಬಿತ್ತು. ಆ ಹಳೆಯ ಕಾಯ್ದೆಯನ್ನು ಕೇಂದ್ರ ಸರ್ಕಾರ ರದ್ದು ಮಾಡಿದ್ದು 2018ರಲ್ಲಿ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದಾಗ ಆರ್ಥರ್ ಮಿಲ್ಲರ್ 1692ರ ಸೇಲಂ ಊರಿನ ಮಾಟಗಾತಿ ವಿಚಾರಣೆಯನ್ನು 1953ರಲ್ಲಿ ರಂಗಕ್ಕೆ ತಂದ. ಮೂರು ವರ್ಷದ ನಂತರ ಸಂಸತ್ತಿನ ಸಮಿತಿ ಅವನನ್ನೇ ಕರೆಸಿ ಬೇರೆಯವರ ಹೆಸರು ಹೇಳು ಎಂದಿತು, ಅವನು ಹೇಳಲಿಲ್ಲ. ತಾನು ಬರೆದ ಪಾತ್ರ ಎದುರಿಸಿದ ಪರೀಕ್ಷೆಯನ್ನೇ ನಾಟಕಕಾರ ಎದುರಿಸಿದ ಅಪರೂಪದ ಸಂದರ್ಭ ಅದು.

ಈಗ ನಮ್ಮಲ್ಲಿ ಮುಖ್ಯಮಂತ್ರಿಯನ್ನೋ ಪ್ರಧಾನಿಯನ್ನೋ ಹೆಸರು ಹೇಳಿ ಬೈಯಲು ಮೊಬೈಲ್ ಸಾಕು. ಹಾಗಿದ್ದ ಮೇಲೆ ಇತಿಹಾಸದ ಮರೆ ಯಾಕೆ ಬೇಕು? ಇಂದಿನ ನಾಯಕನೊಬ್ಬನ ಹೆಸರು ವೇದಿಕೆಯ ಮೇಲೆ ಬಂದ ಕ್ಷಣ ಸಭಾಂಗಣ ಎರಡು ಪಾಲಾಗುತ್ತದೆ. ಅರ್ಧ ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಇನ್ನರ್ಧ ಜನ ಕೇಳುವ ಮೊದಲೇ ಚಪ್ಪಾಳೆ ಹೊಡೆಯುತ್ತಾರೆ. ಆರುನೂರು ವರ್ಷದ ಹಿಂದಿನ ಹೆಸರು ಹೇಳಿದರೆ ಸ್ವಲ್ಪ ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು ಕೇಳುತ್ತಾರೆ. ಆ ಸ್ವಲ್ಪ ಹೊತ್ತನ್ನು ನಾಟಕ ಹೇಗೆ ಬಳಸಿಕೊಳ್ಳುತ್ತದೆ ಎಂಬುದು ಮುಖ್ಯ.

ಗಿರೀಶ ಕಾರ್ನಾಡರ ‘ತುಘಲಕ್’ (1964) ಬಗ್ಗೆ ನಿಧಾನವಾಗಿ ಮಾತಾಡಬೇಕು. ಅದನ್ನು ನಾವು ಅರ್ಧ ಮಾತ್ರ ಓದಿಕೊಂಡಿದ್ದೇವೆ ಎಂಬುದು ನನ್ನ ದೂರು. ಕನ್ನಡ ರಾಜಕಾರಣದಲ್ಲಿ ‘ತುಘಲಕ್ ದರ್ಬಾರು’ ಎನ್ನದ ವಿರೋಧ ಪಕ್ಷವಿಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಎದುರಿನವರು ಈ ಬೈಗುಳವನ್ನು ಎತ್ತಿಕೊಳ್ಳುತ್ತಾರೆ. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ರದ್ದಾದಾಗ ತಾಮ್ರದ ನಾಣ್ಯ ಹೊರಡಿಸಿದ ಸುಲ್ತಾನನ ನೆನಪು ದೇಶಕ್ಕೆಲ್ಲ ಬಂತು. ನೆಹರೂ ಕಾಲದ ಆದರ್ಶ ಕುಸಿದದ್ದರ ಚಿತ್ರ ಎಂದು ವಿಮರ್ಶಕರು ಬಹಳ ಹಿಂದೆಯೇ ಅದನ್ನು ಓದಿದ್ದರು. ಈ ಎಲ್ಲ ಓದಿನಲ್ಲೂ ಕನ್ನಡಿ ಮೇಲಕ್ಕೇ ತಿರುಗಿದೆ, ಆಳುವವನ ಕಡೆಗೆ.

ನಾಟಕದೊಳಗೆ ಅಜೀಜ್ ಎಂಬ ಅಗಸನಿದ್ದಾನೆ. ಪ್ರಜೆ ಸುಲ್ತಾನನ ಮೇಲೂ ಖಟ್ಲೆ ಹೂಡಬಹುದು ಎಂಬ ಕಾನೂನು ಬಂದ ಕೂಡಲೇ ಅವನು ವಿಷ್ಣುಪ್ರಸಾದ ಎಂಬ ಬ್ರಾಹ್ಮಣನ ವೇಷ ಹಾಕಿ, ತನ್ನ ಜಮೀನು ಕಿತ್ತುಕೊಂಡರೆಂದು ಸುಲ್ತಾನನ ಮೇಲೇ ದಾವೆ ಗೆಲ್ಲುತ್ತಾನೆ. ಪರಿಹಾರದ ಜೊತೆಗೆ ಸರ್ಕಾರಿ ಕೆಲಸವೂ ಸಿಗುತ್ತದೆ. ರಾಜಧಾನಿ ದೆಹಲಿಯಿಂದ ದೌಲತಾಬಾದಿಗೆ ಹೊರಟಾಗ ದಾರಿಯಲ್ಲಿ ಬಿಡಾರ ನೋಡಿಕೊಳ್ಳುವ ಅಧಿಕಾರ ಅವನದು. ಕಾಯಿಲೆಬಿದ್ದ ಮಗುವನ್ನು ಎತ್ತಿಕೊಂಡು ವೈದ್ಯರ ಬಳಿ ಹೋಗಲು ಅಪ್ಪಣೆ ಬೇಡುವ ಹೆಂಗಸಿನ ಹತ್ತಿರ ಲಂಚ ಕೇಳುತ್ತಾನೆ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯ ಮಾಡುತ್ತಾನೆ. ಸುಲ್ತಾನನ ಪ್ರತಿಯೊಂದು ಆದರ್ಶವೂ ಅವನ ಕೈಯಲ್ಲಿ ಕಸುಬಾಗುತ್ತದೆ. ಕೊನೆಗೆ ಎಲ್ಲವೂ ಬಯಲಾದಾಗ, ನಿಮ್ಮ ನಿಜವಾದ ಶಿಷ್ಯ ನಾನೇ ಎಂಬ ಅರ್ಥದ ಅವನ ವಾದಕ್ಕೆ ಸುಲ್ತಾನ ಸೋತು, ಶಿಕ್ಷೆಯ ಬದಲು ಹುದ್ದೆ ಕೊಡುತ್ತಾನೆ.

ಸುಳ್ಳು ಆದಾಯ ಪ್ರಮಾಣಪತ್ರ ಮಾಡಿಸಿ ಬಡವರ ಕಾರ್ಡು ಪಡೆದವನು, ಜಾತಿ ಪ್ರಮಾಣಪತ್ರ ತಿದ್ದಿಸಿ ಸೀಟು ಹಿಡಿದವನು, ನೋಟು ರದ್ದಾದಾಗ ಕಮಿಷನ್ ತೆಗೆದುಕೊಂಡು ಹಳೆ ನೋಟು ಬದಲಾಯಿಸಿಕೊಟ್ಟವನು, ಇವರೆಲ್ಲ ಅಜೀಜನ ಬಂಧುಗಳು. ನಾವು ಅವರಿಗೆ ‘ಬುದ್ಧಿವಂತ’ ಎನ್ನುತ್ತೇವೆ. ‘ಮುಖ್ಯಮಂತ್ರಿ ತುಘಲಕ್’ ಎಂದು ಫಲಕ ಹಿಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ‘ನಾನು ಅಜೀಜ್’ ಎಂದುಕೊಂಡು ನಾಟಕದಿಂದ ಎದ್ದುಹೋದ ಒಬ್ಬ ಪ್ರೇಕ್ಷಕನನ್ನೂ ಕಂಡಿಲ್ಲ. ಆ ನಾಟಕ ಬರೆದಾಗ ಕಾರ್ನಾಡರಿಗೆ ಇನ್ನೂ ಇಪ್ಪತ್ತೈದು ದಾಟಿದ ವಯಸ್ಸು. ದೊರೆಯ ಹುಚ್ಚನ್ನು ತೋರಿಸುವುದು ಸುಲಭ, ಆ ಹುಚ್ಚಿನಲ್ಲಿ ಪ್ರಜೆಯ ಪಾಲೆಷ್ಟು ಎಂದು ಲೆಕ್ಕ ಹಾಕಿದ್ದು ಅವರ ದೊಡ್ಡತನ.

ಇನ್ನೊಬ್ಬ ಬರಣಿ. ಆಸ್ಥಾನದ ಇತಿಹಾಸಕಾರ. ಸುಲ್ತಾನನನ್ನು ಪ್ರೀತಿಸುತ್ತಾನೆ, ಅವನು ಮಾಡುವ ಕೊಲೆಗಳನ್ನು ನೋಡುತ್ತಾನೆ, ಕೊನೆಗೆ ತಾಯಿ ಸತ್ತಳೆಂದು ಅಪ್ಪಣೆ ಪಡೆದು ಹೊರಟುಹೋಗುತ್ತಾನೆ. ಈ ಪಾತ್ರ ಕಲ್ಪನೆಯದಲ್ಲ. ಜಿಯಾವುದ್ದೀನ್ ಬರಣಿ ಹದಿನೇಳು ವರ್ಷ ಮೊಹಮ್ಮದ್ ಬಿನ್ ತುಘಲಕನ ಒಡನಾಡಿಯಾಗಿದ್ದವನು. 1351ರಲ್ಲಿ ಸುಲ್ತಾನ ಸತ್ತ ಮೇಲೆ ಬಡತನದಲ್ಲಿ ಮುದುಕನಾಗಿ ತನ್ನ ಚರಿತ್ರೆ ಬರೆದ. ಅದರಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಾವು ತಿಳಿದವರು, ಆದರೂ ಕಪ್ಪನ್ನು ಬಿಳುಪೆಂದೆವು, ಧರ್ಮಕ್ಕೆ ಹೊರತಾದ ಶಿಕ್ಷೆಗಳು ಕಣ್ಣೆದುರೇ ನಡೆಯುವಾಗ ಪ್ರಾಣಭಯಕ್ಕೂ ಹಣದಾಸೆಗೂ ಸಿಕ್ಕಿ ಬಾಯಿ ಬಿಡಲಿಲ್ಲ ಎಂಬುದು ಅದರ ತಾತ್ಪರ್ಯ. ಸಭೆಯಲ್ಲಿ ತಪ್ಪು ನಿರ್ಣಯಕ್ಕೆ ಕೈ ಎತ್ತಿ, ಹೊರಗೆ ಬಂದು ಗೆಳೆಯರ ಹತ್ತಿರ ‘ನನಗೆ ಮನಸ್ಸಿರಲಿಲ್ಲ’ ಎನ್ನುವ ವಿಶ್ವವಿದ್ಯಾಲಯದ ಸಿಂಡಿಕೇಟ್ ಸದಸ್ಯ, ನಿರ್ದೇಶಕ ಮಂಡಳಿಯ ಸದಸ್ಯ, ಪತ್ರಿಕೆಯ ಸಂಪಾದಕ ಈ ಸಾಲುಗಳನ್ನು ಓದಬೇಕು. ಆರೂವರೆ ಶತಮಾನದ ಹಿಂದೆ ಒಬ್ಬ ಅದನ್ನು ತನ್ನ ಕೈಯಾರೆ ಬರೆದಿಟ್ಟು ಹೋಗಿದ್ದಾನೆ.

ಕಾರ್ನಾಡರು ಟಿಪ್ಪುವಿನ ಕನಸುಗಳ ಮೇಲೆ ನಾಟಕ ಬರೆದಾಗಲೂ ಕಥೆ ಹೇಳಲು ಅಂಥವನನ್ನೇ ಆರಿಸಿಕೊಂಡರು. ಟಿಪ್ಪುವಿನ ಆಸ್ಥಾನದಲ್ಲಿದ್ದ ಕಿರ್ಮಾನಿ ಆ ನಾಟಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಕೆಂಜಿಗಾಗಿ ಟಿಪ್ಪುವಿನ ಚರಿತ್ರೆ ಬರೆಯುತ್ತಿದ್ದಾನೆ. ಸತ್ತವನ ಮೇಲಿನ ಪ್ರೀತಿ, ಗೆದ್ದವನ ಸಂಬಳ. ಎರಡು ನಾಟಕಗಳಲ್ಲೂ ಕಣ್ಣು ದೊರೆಯ ಮೇಲೆ ನೆಟ್ಟಿದ್ದರೂ ಕಾಲು ನಿಂತಿರುವುದು ಈ ಬರಹಗಾರರ ಪಕ್ಕದಲ್ಲಿ.

ಮೈಸೂರಿಗೆ ಇದಕ್ಕಿಂತ ಹಳೆಯ ಪಾಠವೂ ಇದೆ, ಮೈಸೂರೇ ಅದನ್ನು ಮರೆತಿದೆ. ಯಳಂದೂರಿನ ಹತ್ತಿರದ ಅಗರದಲ್ಲಿ 1898ರಲ್ಲಿ ಹುಟ್ಟಿ, 1939ರಲ್ಲಿ ಮೈಸೂರಿನಲ್ಲಿ ತಾನೇ ಪ್ರಾಣ ಕಳೆದುಕೊಂಡ ನಾಟಕಕಾರ ಸಂಸ ಹೆಚ್ಚಾಗಿ ಬರೆದದ್ದು ಮೈಸೂರು ಒಡೆಯರ ಕಾಲದ ನಾಟಕಗಳನ್ನು. ಉಳಿದಿರುವುದು ಆರು. ಅವುಗಳಲ್ಲಿ ‘ವಿಗಡ ವಿಕ್ರಮರಾಯ’ದ ಕಥೆ 1638ರದು. ದಳವಾಯಿ ವಿಕ್ರಮರಾಯ ಇಮ್ಮಡಿ ರಾಜ ಒಡೆಯರಿಗೆ ವಿಷ ಹಾಕಿಸಿ ಕೊಲ್ಲಿಸಿದ್ದಾನೆ. ತೆರಕಣಾಂಬಿಯಿಂದ ಬಂದ ಇಪ್ಪತ್ತಮೂರರ ತರುಣ ಕಂಠೀರವ ನರಸರಾಜ ಪಟ್ಟಕ್ಕೆ ಕೂರುತ್ತಾನೆ. ದಳವಾಯಿಗೆ ಬೇಕಾದದ್ದು ಸಿಂಹಾಸನವಲ್ಲ, ಅದರ ಮೇಲೆ ತನ್ನ ಮಾತು ಕೇಳುವ ಒಬ್ಬ. ಆದರೆ ಕೂತವನು ರಣಧೀರ ಎಂದು ಹೆಸರಾದವನು, ಮಾತು ಕೇಳುವ ಜಾತಿಯಲ್ಲ. ದಳವಾಯಿ ಉಳಿಯಲಿಲ್ಲ.

ಆದರೆ ದಳವಾಯಿಗಿರಿ ಉಳಿಯಿತು. ನೂರು ವರ್ಷ ಕಳೆಯುವಷ್ಟರಲ್ಲಿ ದೇವರಾಜಯ್ಯ, ನಂಜರಾಜಯ್ಯ ಎಂಬ ದಳವಾಯಿಗಳು ಒಡೆಯರನ್ನು ಹೆಸರಿಗೆ ಮಾತ್ರ ದೊರೆಯಾಗಿಸಿದರು, ಅವರ ನೆರಳಲ್ಲೇ ಬೆಳೆದ ಹೈದರಾಲಿ 1761ರಲ್ಲಿ ಎಲ್ಲರನ್ನೂ ಬದಿಗೆ ಸರಿಸಿದ. ಕುರ್ಚಿಯಲ್ಲಿ ಒಬ್ಬ, ಅಧಿಕಾರ ಇನ್ನೊಬ್ಬನ ಕೈಯಲ್ಲಿ. ಪಂಚಾಯ್ತಿಯಲ್ಲಿ ಮೀಸಲಾತಿಯಿಂದ ಗೆದ್ದ ಅಧ್ಯಕ್ಷೆ ಮನೆಯಲ್ಲಿದ್ದು, ಗಂಡ ಕಡತ ತಿರುವುವುದನ್ನು ಕಂಡವರಿಗೆ ಸಂಸರ ನಾಟಕ ಹಳಗನ್ನಡದ ಬಿಗಿಯಲ್ಲಿದ್ದರೂ ಅರ್ಥವಾಗುತ್ತದೆ. ಆ ನಾಟಕದ ಭಾಷೆ ಕಷ್ಟ, ನಿಜ. ಆದರೆ ಅರಮನೆಯ ಊರಿನಲ್ಲಿ ಅರಮನೆಯ ಒಳಗುಟ್ಟು ಬರೆದ ಕವಿಯನ್ನು ದಸರೆಯ ಸಮಯದಲ್ಲಾದರೂ ರಂಗಕ್ಕೆ ತರಬೇಡವೇ? ದೀಪಾಲಂಕಾರಕ್ಕೆ ಆಗುವ ಖರ್ಚಿನಲ್ಲಿ ಸಣ್ಣ ಪಾಲು ಸಾಕು.

ಕಲ್ಯಾಣದ ಕಥೆಯನ್ನು ಲಂಕೇಶ್, ಎಚ್.ಎಸ್. ಶಿವಪ್ರಕಾಶ್, ಕಾರ್ನಾಡ್ ಮೂವರೂ ಬೇರೆಬೇರೆ ಕಾಲದಲ್ಲಿ ಬರೆದರು. ಕಾರ್ನಾಡರ ‘ತಲೆದಂಡ’ ಬಂದದ್ದು 1990ರಲ್ಲಿ, ಮಂಡಲ್ ವರದಿಯ ಕಿಚ್ಚೂ ಮಂದಿರದ ರಥಯಾತ್ರೆಯೂ ದೇಶವನ್ನು ಅಲುಗಿಸುತ್ತಿದ್ದಾಗ. ಅದರ ನಡುಗಂಬ ಒಂದು ಮದುವೆ: ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಆ ಮದುವೆ ಆಗಲಿ ಎನ್ನುವುದು ಬಸವಣ್ಣನಿಗೆ ಸುಲಭವಾಗಿರಲಿಲ್ಲ. ಬೇಡವೆಂದರೆ ತಾನು ಹೇಳಿದ ಮಾತಿಗೇ ದ್ರೋಹ, ಆಗಲಿ ಎಂದರೆ ಕಲ್ಯಾಣ ಹೊತ್ತಿ ಉರಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಜಾತಿ ಮೀರಿ ಮದುವೆಯಾದ ಮಕ್ಕಳನ್ನು ಹೆತ್ತವರೇ ಕೊಂದ ಸುದ್ದಿಗಳು ಬಂದಿವೆ, ಪತ್ರಿಕೆಗಳು ಅದಕ್ಕೆ ಮರ್ಯಾದೆಗೇಡು ಹತ್ಯೆ ಎಂದು ಸರಿಯಾದ ಹೆಸರಿಟ್ಟಿವೆ. ‘ತಲೆದಂಡ’ ನೋಡಿ ಬಿಜ್ಜಳನ ಆಳ್ವಿಕೆಯನ್ನು ಇಂದಿನ ಯಾವುದೋ ಸರ್ಕಾರಕ್ಕೆ ಹೋಲಿಸುವ ವಿಮರ್ಶಕ, ತನ್ನ ಮಗಳು ಹರಳಯ್ಯನ ಕೇರಿಯ ಹುಡುಗನನ್ನು ಮನೆಗೆ ಕರೆತಂದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡನೇ?

ಪಕ್ಕದಲ್ಲಿ ನಿಂತವರಲ್ಲಿ ನನಗೆ ಎಲ್ಲರಿಗಿಂತ ತೊಡಕಿನವನಾಗಿ ಕಾಣುವುದು ಪೂರ್ಣಯ್ಯ. 1782ರ ಡಿಸೆಂಬರಿನಲ್ಲಿ ಹೈದರ್ ದಂಡಿನ ಬಿಡಾರದಲ್ಲಿ ಸತ್ತಾಗ, ಟಿಪ್ಪು ಬಂದು ಸೇರುವವರೆಗೆ ಸಾವಿನ ಸುದ್ದಿ ಹೊರಗೆ ಹೋಗದಂತೆ ನೋಡಿಕೊಂಡವರಲ್ಲಿ ಅವನೂ ಒಬ್ಬ. ಆಮೇಲೆ ಟಿಪ್ಪುವಿನ ದಿವಾನ. 1792ರಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಗಿ ಬಂದಾಗಲೂ ಜೊತೆಗಿದ್ದ. 1799ರಲ್ಲಿ ಒಡೆಯ ಸತ್ತ ಮೇಲೆ ಗೆದ್ದವರ ಬಿಡಾರಕ್ಕೆ ಹೋದ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ದಿವಾನ ಅದೇ ಪೂರ್ಣಯ್ಯ. 1811ರವರೆಗೆ ಆಡಳಿತ ನಡೆಸಿದ. 1807ರಲ್ಲಿ ಯಳಂದೂರಿನ ಜಹಗೀರು ಸಿಕ್ಕಿತು, ಸಂಸರು ಹುಟ್ಟಿದ ಸೀಮೆಯೇ ಅದು.

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅವನು ಕಟ್ಟಿಸಿದ ಸೇತುವೆ ಈಗಲೂ ಇದೆ. ಕಂಬ ಕಲ್ಲು, ತೊಲೆ ಕಲ್ಲು, ಮೇಲೆ ಹಾಸಿದ ಚಪ್ಪಡಿ ಕಲ್ಲು. ಕಮಾನಿಲ್ಲದ ನಮ್ಮ ದೇಗುಲದ ಕಟ್ಟಡ ಕ್ರಮವನ್ನೇ ಹೊಳೆಗೆ ಇಳಿಸಿದಂತಿದೆ. ಇನ್ನೂರು ವರ್ಷದ ಪ್ರವಾಹಗಳನ್ನು ಅದು ಎದುರಿಸಿದೆ. ಹೆಸರು ಮಾತ್ರ ವೆಲ್ಲೆಸ್ಲಿ ಸೇತುವೆ. ಟಿಪ್ಪುವಿನ ಮೇಲೆ ಯುದ್ಧ ಸಾರಿದ ಗವರ್ನರ್ ಜನರಲ್ ಹೆಸರನ್ನು ಟಿಪ್ಪುವಿನ ದಿವಾನ ಟಿಪ್ಪುವಿನ ಊರಿನ ಸೇತುವೆಗೆ ಇಟ್ಟ. ಆ ಕಲ್ಲಿನ ಮೇಲೆ ನಿಂತರೆ ಮನುಷ್ಯನ ಬಗ್ಗೆ ಸುಲಭದ ತೀರ್ಪು ಹೇಳಲು ನನಗೆ ಬಾಯಿ ಬರುವುದಿಲ್ಲ. ಸೋತ ನಾಡಿನಲ್ಲಿ ಕೆರೆಕಟ್ಟೆ, ಕಂದಾಯ, ಜನರ ಹೊಟ್ಟೆ ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಹಾಗೆಂದು, ಮೂರು ಒಡೆತನದಲ್ಲೂ ಅದೇ ಮನುಷ್ಯ ಅದೇ ಜಾಗದಲ್ಲಿ ಉಳಿದದ್ದನ್ನು ಬರಿಯ ತ್ಯಾಗವೆಂದು ಹೇಳಲೂ ಆಗುವುದಿಲ್ಲ.

ಈಗ 2019ಕ್ಕೆ ಬನ್ನಿ. ಜುಲೈನಲ್ಲಿ ಮೈತ್ರಿ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು. ಅವರಲ್ಲಿ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯ ನಾರಾಯಣಗೌಡರೂ ಮೈಸೂರು ಜಿಲ್ಲೆಯ ಹುಣಸೂರಿನ ಎಚ್. ವಿಶ್ವನಾಥರೂ ಇದ್ದರು. ಡಿಸೆಂಬರ್ 5ರಂದು ಉಪಚುನಾವಣೆ. ಇಬ್ಬರೂ ಹೊಸ ಪಕ್ಷದಿಂದ ನಿಂತರು. ಕೆ.ಆರ್. ಪೇಟೆ ಗೆಲ್ಲಿಸಿತು, ಹುಣಸೂರು ಸೋಲಿಸಿತು. 2023ರಲ್ಲಿ ಕೆ.ಆರ್. ಪೇಟೆಯೂ ಮನಸ್ಸು ಬದಲಿಸಿತು. ಪಕ್ಷ ಬಿಟ್ಟವರು ಕ್ಷೇತ್ರದ ಅಭಿವೃದ್ಧಿಗಾಗಿ ಎಂದರು, ಬಿಟ್ಟುಹೋದ ಪಕ್ಷದವರು ದ್ರೋಹ ಎಂದರು. ಪೂರ್ಣಯ್ಯನ ಬಗ್ಗೆ ಇನ್ನೂರು ವರ್ಷದಿಂದ ನಡೆದಿರುವ ವಾದವೂ ಇದೇ ಎರಡು ಮಾತಿನದು. ಅವನನ್ನು ಶಾಸಕರ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳಲು ನಾನು ಇದನ್ನು ಹೇಳುತ್ತಿಲ್ಲ. ಪೂರ್ಣಯ್ಯನ ಎದುರು ಮತದಾರನಿರಲಿಲ್ಲ, ನಮ್ಮ ಶಾಸಕರ ಎದುರು ಇದ್ದಾನೆ. ನಿಷ್ಠೆ ಯಾರಿಗೆ, ಒಡೆಯನಿಗೋ ನಾಡಿಗೋ ತನಗೋ ಎಂಬ ಪ್ರಶ್ನೆಯನ್ನು ಒಬ್ಬ ನಾಟಕಕಾರ ಮೂರು ಗಂಟೆ ರಂಗದ ಮೇಲೆ ಬಿಡಿಸಿಟ್ಟರೆ, ನಂತರದ ಚುನಾವಣೆಯಲ್ಲಿ ‘ಅಭಿವೃದ್ಧಿಗಾಗಿ’ ಎಂಬ ಮಾತು ಕೇಳಿದ ಮತದಾರ ಅದನ್ನು ಇನ್ನೊಮ್ಮೆ ಬಿಡಿಸಿ ನೋಡುತ್ತಾನೆ. ರಂಗಭೂಮಿಯಿಂದ ನಾನು ನಿರೀಕ್ಷಿಸುವ ರಾಜಕೀಯ ಅಷ್ಟು.

ಟಿಪ್ಪುವಿನ ವಿಷಯಕ್ಕೆ ಮರಳಲೇಬೇಕು, ಹಳೆ ಮೈಸೂರಿನಲ್ಲಿ ಅದನ್ನು ದಾಟಿ ಹೋಗಲು ಬರುವುದಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಲ್ಲಿ ಅಂದಿನ ನಿರ್ದೇಶಕ ಅಡ್ಡಂಡ ಕಾರ್ಯಪ್ಪ ಬರೆದು ನಿರ್ದೇಶಿಸಿದ ‘ಟಿಪ್ಪು ನಿಜ ಕನಸುಗಳು’ ಪೊಲೀಸ್ ಬಂದೋಬಸ್ತಿನಲ್ಲಿ ಪ್ರದರ್ಶನಗೊಂಡಿತು. ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಸ್ವಲ್ಪ ಕಾಲ ತಡೆ ಕೊಟ್ಟಿತು. ಉರಿಗೌಡ, ನಂಜೇಗೌಡರು ಆ ನಾಟಕದಲ್ಲೂ ಇದ್ದರು.

ನಾಟಕ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ಯಾರದ್ದೇ ಆಗಿರಲಿ. ಟಿಪ್ಪುವಿನ ಕ್ರೌರ್ಯವನ್ನು ರಂಗಕ್ಕೆ ತಂದದ್ದೂ ತಪ್ಪಲ್ಲ. ನರಕ ಚತುರ್ದಶಿಯ ದಿನ ಪೂರ್ವಿಕರ ಕೊಲೆಯಾಯಿತೆಂಬ ನೆನಪಿನಿಂದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ಇಂದಿಗೂ ದೀಪಾವಳಿಯ ದೀಪ ಹಚ್ಚುವುದಿಲ್ಲ. ಕೊಡಗಿನವರಿಗೆ ಟಿಪ್ಪುವಿನ ದಂಡು ಹಿಡಿದೊಯ್ದ ಸೆರೆಯ ನೆನಪಿದೆ. ಆ ನೋವನ್ನು ಕಟ್ಟುಕಥೆ ಎಂದು ತಳ್ಳಿಹಾಕುವವರು ಜಾತ್ಯತೀತತೆಗೆ ಏನೂ ಉಪಕಾರ ಮಾಡುವುದಿಲ್ಲ. ಹಾಗೆಯೇ 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಬರೆದ ಕಾಗದಗಳೂ ಕಳಿಸಿದ ನೆರವೂ ದಾಖಲೆಯಲ್ಲಿವೆ. 1916ರಲ್ಲಿ ಆರ್. ನರಸಿಂಹಾಚಾರ್ಯರು ಆ ಪತ್ರಗಳನ್ನು ಮಠದಲ್ಲಿ ಗುರುತಿಸಿದರು. ಒಂದು ಗುಂಪು ಮೇಲುಕೋಟೆಯನ್ನು ಮಾತ್ರ ಹಿಡಿದಿದೆ, ಇನ್ನೊಂದು ಶೃಂಗೇರಿಯನ್ನು ಮಾತ್ರ. ಎರಡನ್ನೂ ಒಂದೇ ರಂಗದ ಮೇಲೆ ತರುವ ಧೈರ್ಯ ಯಾರಿಗೆ? ಅಲ್ಲಿ ಟಿಪ್ಪುವಿಗಿಂತ ನನಗೆ ಕುತೂಹಲ ಅವನ ಕಚೇರಿಯ ಕನ್ನಡ ಬರಹಗಾರನ ಮೇಲೆ. ಶೃಂಗೇರಿಗೆ ಭಕ್ತಿಯ ಕಾಗದ ಬರೆದ ಆ ಕೈ, ಬೇರೆ ದಿನಗಳಲ್ಲಿ ಬೇರೆ ಯಾವ ಹುಕುಂಗಳನ್ನು ಬರೆದಿರಬಹುದು? ಬರೆದು ಮನೆಗೆ ಹೋಗಿ ಊಟ ಮಾಡಿದನೇ?

ರಂಗಾಯಣದಂಥ ಸಂಸ್ಥೆಗೆ ಇದನ್ನು ಮಾಡುವ ಶಕ್ತಿಯಿದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಜಾಗ ಅದು. ಸಂಬಳ ಪಡೆಯುವ ಕಲಾವಿದರು, ಭೂಮಿಗೀತದಂಥ ರಂಗಮಂದಿರ, ಬಹುರೂಪಿ ಉತ್ಸವಕ್ಕೆ ಊರೂರಿನಿಂದ ಬರುವ ಪ್ರೇಕ್ಷಕರು, ಕರ್ನಾಟಕದ ಎಷ್ಟು ತಂಡಗಳಿಗೆ ಇವು ಇವೆ? ಆದರೆ ಸರ್ಕಾರ ಬದಲಾದರೆ ನಿರ್ದೇಶಕರ ಕುರ್ಚಿಯೂ ಅಲುಗಾಡುತ್ತದೆ. ಒಂದು ಪಕ್ಷದ ಕಾಲಕ್ಕೆ ಒಂದು ಬಗೆಯ ಇತಿಹಾಸ, ಇನ್ನೊಂದರ ಕಾಲಕ್ಕೆ ಇನ್ನೊಂದು. ನಿರ್ದೇಶಕರ ಅವಧಿಯನ್ನು ಕಾನೂನಿನಲ್ಲೇ ಭದ್ರಪಡಿಸಿ, ಆಯ್ಕೆಯನ್ನು ರಂಗಕರ್ಮಿಗಳ ಸಮಿತಿಗೆ ಬಿಟ್ಟು, ಸಚಿವರ ಕೈಯನ್ನು ಅಲ್ಲಿಂದ ತೆಗೆಯಬೇಕು. ಎರಡೂ ಕಡೆಯ ಸರ್ಕಾರಗಳು ಇದನ್ನು ಮಾಡಿಲ್ಲ, ಎರಡಕ್ಕೂ ಆ ಕುರ್ಚಿ ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಕಲಾವಿದರ ಮುಂದಿರುವ ಆಯ್ಕೆ ಬರಣಿಯದೇ.

ನನ್ನ ಆಸೆ ಒಂದು ನಾಟಕ. 1799ರ ಮೇ 4ರ ಸಂಜೆಯಿಂದ ಜೂನ್ 30ರ ಪಟ್ಟಾಭಿಷೇಕದವರೆಗಿನ ಸುಮಾರು ಎರಡು ತಿಂಗಳ ಶ್ರೀರಂಗಪಟ್ಟಣ. ದೊರೆ ಮೊದಲ ದೃಶ್ಯದಲ್ಲೇ ಹೆಣ, ಹೊಸ ದೊರೆ ಇನ್ನೂ ಮಗು. ಸಿಂಹಾಸನ ಖಾಲಿ. ಲೂಟಿಯಾದ ಪೇಟೆ, ರಂಗನಾಥನ ಗುಡಿಯ ಅರ್ಚಕ, ಟಿಪ್ಪುವಿನ ಸೈನ್ಯದಿಂದ ಉಳಿದು ಬಂದ ಒಕ್ಕಲಿಗ, ಬೇಡ, ಮುಸ್ಲಿಂ ಸಿಪಾಯಿಗಳು, ಸಂಬಳ ಯಾರು ಕೊಡುತ್ತಾರೆಂದು ಕಾಯುವ ಶಾನುಭೋಗರು, ಮಗುವಿನ ಪಟ್ಟಕ್ಕಾಗಿ ವರ್ಷಗಟ್ಟಲೆ ಬ್ರಿಟಿಷರ ಜೊತೆ ಗುಟ್ಟಿನ ಪತ್ರವ್ಯವಹಾರ ನಡೆಸಿದ ರಾಣಿ ಲಕ್ಷ್ಮಮ್ಮಣ್ಣಿ, ಮತ್ತು ಪೂರ್ಣಯ್ಯ. ಮಂಡ್ಯದ ಯಾವುದಾದರೂ ಹಳ್ಳಿಯ ತಂಡ ಇದನ್ನು ಕಟ್ಟಿ, ಹಾರ್ಮೋನಿಯಂ ಇಟ್ಟುಕೊಂಡು ರಾತ್ರಿಯಿಡೀ ಆಡಬೇಕು. ಪಾತ್ರಕ್ಕೆ ದುಡ್ಡು ಕಟ್ಟುವ ಪದ್ಧತಿಯೂ ಇರಲಿ. ದುರ್ಯೋಧನನಿಗೆ ಕಟ್ಟುವಷ್ಟೇ ಹಣವನ್ನು ಶಾನುಭೋಗನ ಪಾತ್ರಕ್ಕೂ ಕಟ್ಟಲು ಜನ ಮುಂದೆ ಬರುವ ಹಾಗೆ ಆ ಪಾತ್ರವನ್ನು ಬರೆಯಬೇಕು. ಅದಕ್ಕೆ ಬೇಕಾದ ಸಾಮಗ್ರಿ ಶ್ರೀರಂಗಪಟ್ಟಣದಲ್ಲೂ ಮೈಸೂರಿನ ಗ್ರಂಥಾಲಯಗಳಲ್ಲೂ ಇದೆ, ಹೋಗಿ ಕೂತು ಓದುವ ನಾಟಕಕಾರ ಬರಬೇಕಾಗಿದೆ.